ಲೋಟ ಎಸೆದವಳಿಗೆ ಯಾವುದು?

ಕೋಪ ಬಂತು ಅಂತ ಬರುವವರಿಗಿಂತ, 'ಇಷ್ಟು ವರ್ಷ ಯೋಗ ಮಾಡಿಯೂ ಕೋಪ ಬಂತಲ್ಲ' ಅಂತ ನಾಚಿಕೊಂಡು ಸಲಹೆ ಕೇಳಲು ಬರುವವರು ಈಗ ನನ್ನ ಬಳಿ ಜಾಸ್ತಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಆಕೆಗೆ 40 ದಾಟಿದೆ. ಬೆಳಿಗ್ಗೆ ಐದಕ್ಕೇ ಎದ್ದು ಆಸನ, ಪ್ರಾಣಾಯಾಮ. ಮನೆಯಲ್ಲಿ ಮರೆವಿನ ಕಾಯಿಲೆಯ ಅತ್ತೆ. ಕುಡಿದ ಲೋಟ ಕೈಯಲ್ಲೇ ಹಿಡಿದುಕೊಂಡು ಅತ್ತೆ ಐದನೇ ಸಲ "ನಂಗೆ ಕಾಫೀನೇ ಕೊಡ್ಲಿಲ್ಲ" ಅಂದಾಗ, ಈಕೆ ಅದನ್ನು ಕಿತ್ತುಕೊಂಡು ಸಿಂಕಿಗೆ ಎಸೆದಿದ್ದರು. ಅತ್ತೆ ಎರಡೇ ನಿಮಿಷದಲ್ಲಿ ಮರೆತರು. ಇವರಿಗೆ ಮೂರು ವಾರವಾದರೂ ಮರೆಯಲು ಆಗಿರಲಿಲ್ಲ.

ಮೂರನೇ ಭೇಟಿಯಲ್ಲಿ ಪತಂಜಲಿ ಯೋಗಸೂತ್ರದ ಮೊದಲ ಪಾದದ, ಅಂದರೆ ಅಧ್ಯಾಯದ, 33ನೇ ಸೂತ್ರ ಹೇಳಿದೆ. ಸುಖವಾಗಿರುವವರ ಬಗ್ಗೆ ಮೈತ್ರಿ, ದುಃಖದಲ್ಲಿರುವವರ ಬಗ್ಗೆ ಕರುಣೆ, ಒಳ್ಳೆಯದು ಮಾಡುವವರನ್ನು ಕಂಡರೆ ಸಂತೋಷ, ತಪ್ಪು ಮಾಡುವವರ ಬಗ್ಗೆ ಉಪೇಕ್ಷೆ.

"ಅತ್ತೇನ ಉಪೇಕ್ಷೆ ಮಾಡು ಅಂತೀರಾ?" ಅಂತ ಗಾಬರಿಯಾದರು. ಪಾಪ, ನಮ್ಮ ದಿನದ ಕನ್ನಡದಲ್ಲಿ ಆ ಪದಕ್ಕೆ ಕಡೆಗಣಿಸೋದು ಅಂತಲೇ ಅರ್ಥ. ಸೂತ್ರದಲ್ಲಿ ಅದು ಹತ್ತಿರವಿದ್ದೂ ಕೋಪದಿಂದ ಹೊತ್ತಿಕೊಳ್ಳದೆ ಇರುವುದು. ಅತ್ತೆಗೆ ಸಲ್ಲುವುದು ಕರುಣೆ ಅಂದೆ. ಆಕೆ ಬ್ಯಾಗಿನ ಜಿಪ್ ಎಳೆಯುತ್ತಾ ಬಿಡುತ್ತಾ ಸುಮ್ನೆ ಕೂತರು. ಆಮೇಲೆ ಕೇಳಿದರು: "ಈ ನಾಲ್ಕೂ ಬೇರೆಯವರಿಗೇ ಅಲ್ವಾ ಮೇಡಂ? ಲೋಟ ಎಸೆದವಳಿಗೆ ಯಾವುದು?"

ನನ್ನ ಹತ್ತಿರ ಉತ್ತರ ತಯಾರಿರಲಿಲ್ಲ. ಕೊನೆಗೆ, "ಸುಸ್ತಾದವಳಿಗೆ ಕರುಣೆ, ಎಸೆದ ಕೈಗೆ ಉಪೇಕ್ಷೆ" ಅಂದೆ. ಸೂತ್ರವನ್ನು ಹೀಗೆಲ್ಲ ಎಳೆಯಬಾರದು ಅಂತ ತಿಳಿದವರು ಬೈಯಬಹುದು. ಎಳೆದಿದ್ದೇನೆ, ಹೌದು. ಆದರೆ ಆ ಸೂತ್ರ ಬಯಸುವುದು ಚಿತ್ತಪ್ರಸಾದನ, ಅಂದರೆ ಮನಸ್ಸು ತಿಳಿಯಾಗೋದು. ಹಗಲೂ ರಾತ್ರಿ ತನ್ನನ್ನೇ ಬೈದುಕೊಳ್ಳುವ ಮನಸ್ಸು ಎಲ್ಲಿಂದ ತಿಳಿಯಾದೀತು?

ಎಸೆದದ್ದು ಸರಿ ಅಂತ ನಾನು ಹೇಳಲಿಲ್ಲ. ಕೋಪ ಏರುವಾಗ ಉಸಿರನ್ನು ನಿಧಾನವಾಗಿ ಹೊರಗೆ ಬಿಡಿ ಅಂದೆ; ಮುಂದಿನ ಸೂತ್ರವೇ ಉಸಿರು ಹೊರಬಿಡುವುದರ ಬಗ್ಗೆ ಇದೆ. 'ಕೋಪ ಬಂದಿದೆ' ಅಂದುಕೊಳ್ಳಿ, 'ನಾನು ಕೆಟ್ಟವಳು' ಬೇಡ. ಐದನೇ ಸಲ ಕೇಳಿದರೆ ಅರ್ಧ ಲೋಟ ಬಿಸಿ ಹಾಲು ಕೊಡಿ, ವಾದ ಬೇಡ. ಇನ್ನೊಂದು ಮಾತನ್ನು ಗಂಡನನ್ನು ಕರೆಸಿಯೇ ಹೇಳಿದೆ: ವಾರಕ್ಕೆ ಎರಡು ಸಂಜೆ ಅಮ್ಮನನ್ನು ನೋಡಿಕೊಳ್ಳುವುದು ನಿಮ್ಮ ಪಾಳಿ. ಒಬ್ಬಳೇ ದುಡಿದು ಬಸವಳಿದವಳಿಗೆ ಬರೀ ಸಮಚಿತ್ತ ಬೋಧಿಸಿ ಕಳಿಸೋದು ನನ್ನ ಕೈಲಾಗದು.

ಹೋದ ತಿಂಗಳು ಬಂದಿದ್ದರು. "ಮತ್ತೆ ಕೂಗಾಡಿದೆ ಮೇಡಂ" ಅಂದರು. "ಆದ್ರೆ ಅವತ್ತು ರಾತ್ರಿ ನಿದ್ದೆ ಬಂತು."