ಲಿನಕ್ಸ್ ಲ್ಯಾಪ್‌ಟಾಪ್, ಗಿಟಾರ್, ಮುತ್ಯಾನ ದನಿ: ಯಾವ ಇಂಟರ್‌ಫೇಸ್ ಕೊಳ್ಳಲಿ?

ಪ್ರಶ್ನೆ: ನಮಸ್ಕಾರ. ನಾನು ಕಲಬುರಗಿಯಲ್ಲಿ ಡಿಗ್ರಿ ಓದುತ್ತಿದ್ದೇನೆ. ಪಿಕಪ್ ಇರುವ ಅಕೂಸ್ಟಿಕ್ ಗಿಟಾರ್ ಇದೆ. ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ 22 ಹಾಕಿಕೊಂಡಿದ್ದೇನೆ. ನಮ್ಮ ಮುತ್ಯಾ ತತ್ವಪದ ಹಾಡುತ್ತಾರೆ, ನಾನು ಜೊತೆಗೆ ನುಡಿಸುತ್ತೇನೆ. ಅದನ್ನು ಮನೆಯಲ್ಲೇ ರೆಕಾರ್ಡ್ ಮಾಡಬೇಕು. ಮೈಕ್, ಗಿಟಾರ್‌ಗಳನ್ನು ಯುಎಸ್‌ಬಿ ಮೂಲಕ ಲ್ಯಾಪ್‌ಟಾಪ್‌ಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್ ಬೇಕು. ಅಂಗಡಿಯವರು "ಲಿನಕ್ಸ್‌ಗೆ ಇಂಟರ್‌ಫೇಸ್ ನಡೆಯೋದಿಲ್ಲ, ವಿಂಡೋಸ್ ಹಾಕಿಸಿ" ಅಂತಾರೆ. ನಿಜವಾ? 10–12 ಸಾವಿರದಲ್ಲಿ ಏನು ತಗೊಳ್ಳಲಿ?

ಉತ್ತರ: ವಿಂಡೋಸ್ ಹಾಕಿಸಬೇಡಿ, ಅದರ ಅಗತ್ಯ ಇಲ್ಲ. ಡಬ್ಬಿಯ ಮೇಲೆ ಲಿನಕ್ಸ್ ಅಂತ ಬರೆದಿರುವುದಿಲ್ಲ, ಅಂಗಡಿಯವರು ಅದನ್ನು ನೋಡಿ ಹೇಳಿರುತ್ತಾರೆ. ಯುಎಸ್‌ಬಿ ಆಡಿಯೋಗೆ ಎಲ್ಲರೂ ಒಪ್ಪಿದ ಒಂದು ನಿಯಮ ಇದೆ. ಅದರಂತೆ ಮಾಡಿದ ಸಾಧನಗಳಿಗೆ 'ಕ್ಲಾಸ್ ಕಂಪ್ಲಯಂಟ್' ಅನ್ನುತ್ತಾರೆ. ಅವಕ್ಕೆ ಬೇಕಾದ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇದೆ. ಸಿಕ್ಕಿಸಿದರೆ ಸಾಕು.

ಅಂಗಡಿಯಲ್ಲಿ ಹೀಗೆ ಕೇಳಿ: "ಇದು ಐಪ್ಯಾಡ್‌ಗೆ ನಡೆಯುತ್ತದಾ?" ಐಪ್ಯಾಡ್‌ನಲ್ಲೂ ಡ್ರೈವರ್ ಹಾಕದೆ ನಡೆಯುವುದು ಇಂಥ ಸಾಧನಗಳೇ. ಹಾಗಾಗಿ ಹೌದು ಅಂದರೆ ಲಿನಕ್ಸ್‌ಗೂ ಹೆಚ್ಚುಕಡಿಮೆ ಖಾತ್ರಿ. ಇದು ಗೊತ್ತಿಲ್ಲದೆ ನಾನು ಮೊದಲ ಸಲ ಒಂದು ಸೆಕೆಂಡ್ ಹ್ಯಾಂಡ್ ಇಂಟರ್‌ಫೇಸ್ ತಂದಿದ್ದೆ. ದೀಪ ಉರಿಯಿತು, ದನಿ ಮಾತ್ರ ಬರಲಿಲ್ಲ. ಅದಕ್ಕೆ ಕಂಪನಿಯದ್ದೇ ಡ್ರೈವರ್ ಬೇಕಿತ್ತು, ಲಿನಕ್ಸ್‌ಗೆ ಅದು ಇರಲೇ ಇಲ್ಲ. ಎರಡು ವರ್ಷ ಕಪಾಟಿನಲ್ಲೇ ಕೂತಿತ್ತು. ನಿಮಗೆ ಹಾಗಾಗಬಾರದು.

ಇನ್ನೊಂದು ಮಾತು. ಗೇನ್ (ಒಳಬರುವ ದನಿಯ ಮಟ್ಟ), 48 ವೋಲ್ಟ್ (ಕಂಡೆನ್ಸರ್ ಮೈಕ್‌ಗೆ ಕೊಡುವ ಕರೆಂಟ್), ಡೈರೆಕ್ಟ್ ಮಾನಿಟರ್ (ಲ್ಯಾಪ್‌ಟಾಪ್‌ಗೆ ಹೋಗದೆ ನೇರ ಕೇಳಿಸಿಕೊಳ್ಳುವುದು) ಇವೆಲ್ಲಾ ಸಾಧನದ ಮೈಮೇಲೇ ಗುಂಡಿಯಾಗಿ ಇರಲಿ. ಕೆಲವು ಮಾಡೆಲ್‌ಗಳಲ್ಲಿ ಇವನ್ನು ಕಂಪನಿಯ ಸಾಫ್ಟ್‌ವೇರ್‌ನಿಂದಲೇ ಬದಲಿಸಬೇಕು. ಆ ಸಾಫ್ಟ್‌ವೇರ್ ಸಾಮಾನ್ಯವಾಗಿ ವಿಂಡೋಸ್, ಮ್ಯಾಕ್‌ಗೆ ಮಾತ್ರ ಇರುತ್ತದೆ.

ನಿಮಗೆ ಬೇಕಾದದ್ದು ಎರಡು ಇನ್‌ಪುಟ್: ಒಂದು ಮುತ್ಯಾರ ಮೈಕ್‌ಗೆ, ಒಂದು ಗಿಟಾರ್‌ಗೆ. ಗಿಟಾರ್ ಕಡೆ 'ಇನ್‌ಸ್ಟ್ರುಮೆಂಟ್' ಅಥವಾ 'ಹೈ-ಜೀ' ಅಂತ ಇರಲೇಬೇಕು. ಇದರ ಇಂಪೆಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ಸುಮಾರು 1 ಮೆಗಾಓಮ್ ಇರುತ್ತದೆ. ಲೈನ್ ಇನ್‌ಪುಟ್‌ದು ಸಾಮಾನ್ಯವಾಗಿ 10 ಕಿಲೋಓಮ್ ಆಸುಪಾಸು. ಬ್ಯಾಟರಿ ಇಲ್ಲದ ಪೀಜೋ ಪಿಕಪ್ (ಗಿಟಾರ್‌ನ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ಅನ್ನು ಲೈನ್‌ಗೆ ಕೊಟ್ಟರೆ ಬಾಸ್ ಸೋರಿಹೋಗುತ್ತದೆ, ದನಿ ಡಬ್ಬದ ಹಾಗೆ ಕೇಳಿಸುತ್ತದೆ. ನಿಮ್ಮ ಗಿಟಾರ್‌ನಲ್ಲಿ 9 ವೋಲ್ಟ್ ಬ್ಯಾಟರಿ ಹಾಕುವ ಪ್ರಿಆಂಪ್ ಇದ್ದರೆ ಅಷ್ಟು ತೊಂದರೆ ಇಲ್ಲ.

ನಿಮ್ಮ ಬಜೆಟ್ ನೋಡಿದರೆ ಬೆಹ್ರಿಂಗರ್ ಯುಎಂಸಿ202ಎಚ್‌ಡಿ ನನ್ನ ಮೊದಲ ಆಯ್ಕೆ. ಎರಡೂ ಇನ್‌ಪುಟ್‌ಗಳಲ್ಲಿ ಮೈಕ್ ಆದರೂ ಹಾಕಬಹುದು, ಗಿಟಾರ್ ಆದರೂ ಹಾಕಬಹುದು. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ ಮೂರನೇ ತಲೆಮಾರು ಒಳ್ಳೆಯ ಬೆಲೆಗೆ ಸಿಕ್ಕರೆ ಅದೂ ಆಗುತ್ತದೆ, ಒಂದು ಮೈಕ್, ಒಂದು ಗಿಟಾರ್. ಅದನ್ನು ಮೊದಲ ಸಲ ಸಿಕ್ಕಿಸಿದಾಗ ಪೆನ್‌ಡ್ರೈವ್ ತರಹ ಕಾಣಿಸಬಹುದು, ಗಾಬರಿ ಬೇಡ. 48 ವೋಲ್ಟ್ ಗುಂಡಿ ಒತ್ತಿ ಹಿಡಿದುಕೊಂಡು ಮತ್ತೆ ಸಿಕ್ಕಿಸಿ, ಸರಿಹೋಗುತ್ತದೆ. ದನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಅನ್ನುವುದಕ್ಕೆ 192 ಕಿಲೋಹರ್ಟ್ಸ್ ಅಂತ ದೊಡ್ಡದಾಗಿ ಬರೆದಿರುತ್ತಾರಲ್ಲ, ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. 48 ಕಿಲೋಹರ್ಟ್ಸ್, 24 ಬಿಟ್ ಬೇಕಾದಷ್ಟಾಯಿತು.

ಲೇಟೆನ್ಸಿ, ಅಂದರೆ ಲ್ಯಾಪ್‌ಟಾಪ್ ಮೂಲಕ ದನಿ ಹೋಗಿ ಬರಲು ಆಗುವ ತಡ, ಅದರ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ನಿಮಗೆ ಅದು ತಾಕುವುದೇ ಇಲ್ಲ. ಮುತ್ಯಾ ಮತ್ತು ನೀವು ಎದುರು ಬದುರು ಕೂತು ಒಟ್ಟಿಗೇ ಹಾಡಿ ನುಡಿಸುತ್ತೀರಿ. ಒಬ್ಬರ ದನಿ ಇನ್ನೊಬ್ಬರಿಗೆ ನೇರವಾಗಿ ಕೇಳಿಸುತ್ತದೆ, ಲ್ಯಾಪ್‌ಟಾಪ್ ಸುಮ್ನೆ ಬರೆದುಕೊಳ್ಳುತ್ತದೆ ಅಷ್ಟೆ. ಹಾಗಾಗಿ ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ತೆಗೆದುಕೊಳ್ಳುವ ದನಿಯ ಅಳತೆಗಳ ಸಂಖ್ಯೆ) 512 ಅಥವಾ 1024 ಇಡಿ, ಹಳೆಯ ಲ್ಯಾಪ್‌ಟಾಪ್‌ಗೂ ಹಗುರ, ಚಟಪಟ ಸದ್ದೂ ಬರುವುದಿಲ್ಲ. ಮುಂದೆ ಗಿಟಾರಿಕ್ಸ್‌ನಂಥ ಆಂಪ್ ಸಾಫ್ಟ್‌ವೇರ್ ಮೂಲಕ ಕೇಳಿಕೊಂಡು ನುಡಿಸುವಾಗ ಮಾತ್ರ 128ಕ್ಕೆ ಇಳಿಸಿ. 48 ಕಿಲೋಹರ್ಟ್ಸ್‌ನಲ್ಲಿ 128 ಅಂದರೆ 2.7 ಮಿಲಿಸೆಕೆಂಡ್. ಹೋಗಿ ಬರುವುದೆಲ್ಲಾ ಸೇರಿ 10 ಮಿಲಿಸೆಕೆಂಡ್ ಆದರೂ, ಸ್ಪೀಕರ್‌ನಿಂದ ಮೂರೂವರೆ ಮೀಟರ್ ದೂರ ಕೂತ ಹಾಗೆ.

ಮಿಂಟ್ 22ರಲ್ಲಿ ಆಡಿಯೋ ನೋಡಿಕೊಳ್ಳುವ ಪೈಪ್‌ವೈರ್ ಮೊದಲೇ ಇದೆ. ರೆಕಾರ್ಡ್ ಮಾಡಲು ಆರ್ಡರ್ (Ardour) ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಿ. ಒಂದು ಸ್ಟೀರಿಯೋ ಟ್ರ್ಯಾಕ್ ಬೇಡ, ಎರಡು ಮೋನೋ ಟ್ರ್ಯಾಕ್ ಮಾಡಿ. ಇಲ್ಲದಿದ್ದರೆ ಮುತ್ಯಾ ಎಡಗಿವಿಯಲ್ಲಿ, ಗಿಟಾರ್ ಬಲಗಿವಿಯಲ್ಲಿ ಕೂತುಬಿಡುತ್ತವೆ.

ಈಗ ನಿಜವಾದ ಕಷ್ಟ: ನಿಮ್ಮ ಕೋಣೆ. ನಮ್ಮ ಕಡೆ ಮನೆಗಳಲ್ಲಿ ನೆಲಕ್ಕೆ ಶಹಾಬಾದ್ ಕಲ್ಲು, ಹಳೆ ಮನೆಯಾದರೆ ಗೋಡೆಯೂ ಕಲ್ಲು. ಬೇಸಿಗೆಗೆ ತಂಪು ಹೌದು, ಆದರೆ ದನಿ ಬಡಿದು ವಾಪಸ್ ಬರುತ್ತದೆ. ಇಂಥ ಕಡೆ ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್ ತಂದರೆ ಹಾಡಿಗಿಂತ ಕೋಣೆಯೇ ಜಾಸ್ತಿ ಕೇಳಿಸುತ್ತದೆ, ಜೊತೆಗೆ ಫ್ಯಾನಿನ ಗಾಳಿಯೂ. ಒಂದು ಸಾಧಾರಣ ಡೈನಾಮಿಕ್ ಮೈಕ್ ತಗೊಳ್ಳಿ, ಅದಕ್ಕೆ 48 ವೋಲ್ಟ್ ಬೇಡ. ಮುತ್ಯಾರ ಬಾಯಿಂದ ಒಂದು ಗೇಣಿನೊಳಗೆ ಇಡಿ. ಅವರ ಹಿಂದೆ ಹಗ್ಗ ಕಟ್ಟಿ ಎರಡು ದಪ್ಪ ಕೌದಿ ತೂಗುಹಾಕಿ, ಕೆಳಗೂ ಒಂದು ಹಾಸಿ. ಕೌದಿಗೆ ಖರ್ಚಿಲ್ಲ, ಆದರೆ ಇಂಟರ್‌ಫೇಸ್ ಬದಲಿಸುವುದಕ್ಕಿಂತ ದೊಡ್ಡ ಫರಕು ಅದರಿಂದಲೇ ಬರುತ್ತದೆ. ಗೇನ್ ಇಡುವಾಗ ಅವರು ಅತಿ ಎತ್ತರದ ಸ್ವರ ಎತ್ತಿದಾಗಲೂ ಮೀಟರ್ ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲಲಿ. ಹಾಡುತ್ತಾ ಹಾಡುತ್ತಾ ಹಿರಿಯರ ದನಿ ಏರುತ್ತದೆ, ಆ ಜಾಗ ಬಿಟ್ಟಿರಬೇಕು.

ಗುಂಯ್ ಅನ್ನುವ ಸದ್ದು ಬಂದರೆ ಮೊದಲು ಚಾರ್ಜರ್ ತೆಗೆದು ನೋಡಿ. ಸದ್ದು ನಿಂತರೆ ತಪ್ಪು ಇಂಟರ್‌ಫೇಸ್‌ದಲ್ಲ, ಚಾರ್ಜರ್ ಇಲ್ಲವೇ ಮನೆಯ ಅರ್ಥಿಂಗ್‌ದು. ಬ್ಯಾಟರಿಯ ಮೇಲೇ ರೆಕಾರ್ಡ್ ಮಾಡಿ. ಈ ಎರಡೂ ಇಂಟರ್‌ಫೇಸ್‌ಗಳಿಗೆ ಕರೆಂಟ್ ಯುಎಸ್‌ಬಿಯಿಂದಲೇ ಸಿಗುತ್ತದೆ. ಪದದ ನಡುವೆ ಕರೆಂಟ್ ಹೋದರೂ ರೆಕಾರ್ಡಿಂಗ್ ನಿಲ್ಲುವುದಿಲ್ಲ, ಫ್ಯಾನ್ ಮಾತ್ರ ನಿಲ್ಲುತ್ತದೆ.