ಬರ ಎದುರಿಸೋಕೆ ರೈತರಿಗೆ ಆ್ಯಪ್ ಮಾಡಿಕೊಟ್ಟರೆ ಸಾಕಾ?

ಮಳೆ ಕಮ್ಮಿ ಇರುವ ಕೆಲವು ಹಳ್ಳಿಗಳಲ್ಲಿ ಕೆಲಸ ಶುರು ಮಾಡುತ್ತಿದ್ದೇವೆ, ತಜ್ಞರಿಂದ ತರಬೇತಿ ಕೊಡಿಸಿ ಒಂದು ಆ್ಯಪ್ ಮಾಡಿಕೊಟ್ಟರೆ ರೈತರು ಬರ ತಡೆದುಕೊಳ್ಳುತ್ತಾರಾ ಅಂತ ಕೇಳಿದ್ದೀರಿ. ರೈತ ಗುಂಪುಗಳ ಜೊತೆ ಓಡಾಡುವವನಾಗಿ ನಾನು ಹೇಳೋದು ಇಷ್ಟು: ಆ್ಯಪ್ ಆಮೇಲೆ ನೋಡೋಣ. ಮೊದಲು ಒಂದು ಮಳೆಮಾಪಕ, ಬಾವಿಯ ನೀರಿನ ಮಟ್ಟ ಅಳೆಯೋಕೆ ಒಂದು ಉದ್ದದ ಟೇಪು, ಅಳೆದದ್ದನ್ನು ಬರೆಯೋಕೆ ಎಲ್ಲರ ಕಣ್ಣಿಗೂ ಬೀಳುವ ಕಡೆ ಒಂದು ಕಪ್ಪು ಹಲಗೆ ಇಡಿ.

ರೈತರಿಗೆ ತಿಳಿವಳಿಕೆ ಇಲ್ಲ ಅಂತಲ್ಲ. ಅವರವರ ಹೊಲ ಅವರವರಿಗೆ ಚೆನ್ನಾಗಿ ಗೊತ್ತು. ಆದರೆ ಹೊಲ ಬೇರೆ ಬೇರೆಯಾದರೂ ನೆಲದಡಿಯ ನೀರು ಹಂಚಿಕೊಂಡದ್ದೇ. ಪಕ್ಕದವನ ಬೋರ್‌ವೆಲ್‌ನಲ್ಲಿ ನೀರು ಎಷ್ಟು ಕೆಳಗಿದೆ ಅಂತ ಯಾರಿಗೂ ಗೊತ್ತಿರಲ್ಲ, ಕೇಳಿದರೂ ಸುಮಾರು ಜನ ಹೇಳಲ್ಲ. ಅವನು ಎಳೆಯೋ ಮುಂಚೆ ನಾನೇ ಎಳೆದುಬಿಡೋಣ ಅನ್ನೋ ಪೈಪೋಟಿ ಹುಟ್ಟುವುದು ಅಲ್ಲೇ.

ಇದನ್ನು ಬಯಲಿಗೆ ತಂದ ಒಂದು ಒಳ್ಳೆ ಉದಾಹರಣೆ ಆಂಧ್ರಪ್ರದೇಶದ್ದು. 2000ದ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಅಲ್ಲಿನ ಬರಪೀಡಿತ ಜಿಲ್ಲೆಗಳಲ್ಲಿ ರೈತರೇ ಮಳೆ ಅಳೆದರು, ಬಾವಿಗಳ ನೀರಿನ ಮಟ್ಟ ಅಳೆದರು. ಹಿಂಗಾರು ಬಿತ್ತನೆಗೆ ಮುಂಚೆ ಕೂತು, ಇರುವ ನೀರೆಷ್ಟು, ಹಾಕಬೇಕೆಂದಿರುವ ಬೆಳೆಗೆ ಬೇಕಾದ್ದೆಷ್ಟು ಅಂತ ಲೆಕ್ಕ ಹಾಕಿದರು. ಇಂಥದ್ದೇ ಬೆಳೆಯಿರಿ ಅಂತ ಯಾರೂ ಅಪ್ಪಣೆ ಕೊಡಲಿಲ್ಲ. ಲೆಕ್ಕ ನೋಡಿ ಎಷ್ಟೋ ಜನ ಭತ್ತ ಕಮ್ಮಿ ಮಾಡಿದರು.

ಲೆಕ್ಕ ಕಷ್ಟದ್ದೇನಲ್ಲ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. ಒಂದು ಎಕರೆಗೆ ಸುಮಾರು 4,000 ಲೀಟರ್. 20 ಮಿಲಿಮೀಟರ್ ಅಂದರೆ 80,000 ಲೀಟರ್! ಇದನ್ನು ಹಲಗೆ ಮೇಲೆ ಬರೆದ ತಕ್ಷಣ, "ಅಷ್ಟೂ ನೀರು ಹೋಯಿತೆಲ್ಲಿ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಬದು, ಇಂಗುಗುಂಡಿ, ನೆಲಕ್ಕೆ ಒಣಹುಲ್ಲು-ಎಲೆ ಹೊದಿಸುವ ಮುಚ್ಚಿಗೆಯ ಮಾತು ತಾನಾಗೇ ಶುರುವಾಗುತ್ತದೆ. ನೀವು ಭಾಷಣ ಮಾಡಬೇಕಾಗಿಲ್ಲ.

ಅಳೆಯುವಾಗ ಒಂದೆರಡು ಎಚ್ಚರ. ಮಳೆಮಾಪಕ ಬಯಲಲ್ಲಿರಲಿ, ಮರ ಗೋಡೆಗಳ ಹತ್ತಿರ ಬೇಡ. ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ನೋಡಬೇಕು. ಬಾವಿಯ ಮಟ್ಟವನ್ನು ಪಂಪ್ ಹಾಕುವ ಮುಂಚೆಯೇ ಅಳೆಯಬೇಕು. ಪಂಪ್ ಓಡುವಾಗ ನೀರು ಕೆಳಗಿಳಿದಿರುತ್ತದೆ, ಆಗ ಅಳೆದರೆ ಲೆಕ್ಕವೆಲ್ಲ ಏರುಪೇರು.

ಹೊಸ ಪದ್ಧತಿ ಕಲಿಸಬೇಕೆಂದರೆ ಮಾಡಿದವರ ಹೊಲಕ್ಕೇ ಕರೆದುಕೊಂಡು ಹೋಗಿ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೋ ದೇಶದ ರೈತ ಯಾಕುಬಾ ಸವಡೋಗೋ 1980ರ ಆಸುಪಾಸಿನಲ್ಲಿ ಗಟ್ಟಿಯಾದ ಬಂಜರು ನೆಲದಲ್ಲಿ ಬೇಸಿಗೆಯಲ್ಲೇ ಸಣ್ಣ ಗುಂಡಿ ತೋಡಿ ಗೊಬ್ಬರ ತುಂಬಿದರು. ಗೊಬ್ಬರಕ್ಕೆ ಗೆದ್ದಲು ಬಂದು ನೆಲ ಕೊರೆಯಿತು, ಮಳೆ ನೀರು ಅದರೊಳಗೆ ಇಳಿಯಿತು. ಗುಂಡಿ ತೋಡುವುದು ಅಲ್ಲಿನ ಹಳೇ ಪದ್ಧತಿಯೇ, ಅವರು ಅದನ್ನು ಸುಧಾರಿಸಿದರು. ನನಗೆ ಅದಕ್ಕಿಂತ ಹಿಡಿಸುವುದು, ಸುತ್ತಲಿನ ಊರಿನವರನ್ನು ತಮ್ಮ ಹೊಲಕ್ಕೇ ಕರೆಸಿ ಸಂತೆ ಸೇರಿಸುತ್ತಿದ್ದದ್ದು. ಜನ ಬೀಜ ತಂದು ಬದಲಾಯಿಸಿಕೊಳ್ಳುತ್ತಿದ್ದರು, ಗುಂಡಿ ನೋಡಿ ಹೋಗುತ್ತಿದ್ದರು. 2018ರಲ್ಲಿ ಅವರಿಗೆ, 'ಪರ್ಯಾಯ ನೊಬೆಲ್' ಅಂತ ಕರೆಯುವ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

ಬೀಜದ ಮಾತು ಬಂದಾಗ ಹೆಂಗಸರನ್ನು ಕರೆಯದೆ ಸಭೆ ಮಾಡಬೇಡಿ. ಎಷ್ಟೋ ಕಡೆ ಬೀಜ ಆರಿಸಿ ಕಾಪಾಡುವವರು ಅವರೇ, ಸಭೆಗೆ ಬಂದು ಕೂರುವವರು ಮಾತ್ರ ಗಂಡಸರು. ಹೆಂಗಸರ ಬಿಡುವಿನ ಹೊತ್ತು ಕೇಳಿಯೇ ಸಭೆ ಇಡಿ. ಅಲ್ಲೇ 100 ಬೀಜ ಎಣಿಸಿ ಒದ್ದೆ ಗೋಣಿಚೀಲದಲ್ಲಿ ಸುತ್ತಿಡಿ. ಕೆಲವು ದಿನ ಬಿಟ್ಟು ಬಿಚ್ಚಿದಾಗ ಎಷ್ಟು ಮೊಳೆತಿವೆ ನೋಡಿ. 50 ಮಾತ್ರ ಮೊಳೆತಿದ್ದರೆ ಬೀಜ ಬದಲಾಯಿಸಬೇಕು, ಇಲ್ಲಾ ಜಾಸ್ತಿ ಬಿತ್ತಬೇಕು. ಇದು ಬಿತ್ತನೆಗೆ ಮುಂಚೆಯೇ ಗೊತ್ತಾದರೆ ಒಳ್ಳೇದಲ್ವಾ?

ಒಂದು ಮಾತ್ರ ಹಲಗೆಯಿಂದ ಆಗುವುದಿಲ್ಲ. ಎಲ್ಲರಿಗಿಂತ ಆಳದ ಬೋರ್‌ವೆಲ್ ಇರುವವನು ಲೆಕ್ಕ ನೋಡಿಯೂ ಎಳೆಯುತ್ತಲೇ ಇದ್ದರೆ ಅವನನ್ನು ತಡೆಯಲು ಊರವರೆಲ್ಲ ಒಪ್ಪಿದ ಕಟ್ಟುಪಾಡೇ ಬೇಕು. ಅದು ನಿಧಾನದ ಕೆಲಸ, ಹೊರಗಿನವರಾದ ನೀವು ಅದರಲ್ಲಿ ಜಾಸ್ತಿ ತಲೆ ಹಾಕದಿದ್ದರೇ ವಾಸಿ.

ಹಲಗೆಯ ಲೆಕ್ಕ ಒಂದು ವರ್ಷ ತಪ್ಪದೆ ನಡೆದರೆ ಅದನ್ನೇ ಫೋನಿಗೂ ಹಾಕಿ. ಓದಲು ಬಾರದವರಿಗೆ ಧ್ವನಿ ಸಂದೇಶ ಕಳಿಸಿ. ಮುನ್ಸೂಚನೆ ಕಳಿಸುವಾಗ "ಮಳೆ ಬಂದೇ ಬರುತ್ತೆ" ಅನ್ನಬೇಡಿ, ಬರುವ ಸಾಧ್ಯತೆ ಎಷ್ಟು ಅಂತ ಹೇಳಿ. ಬಂದೇ ಬರುತ್ತೆ ಅಂದದ್ದನ್ನು ನಂಬಿ ಒಣ ನೆಲಕ್ಕೆ ಬಿತ್ತಿ ಬೀಜ ಕಳೆದುಕೊಂಡವರು ನಿಮ್ಮ ಮುಂದಿನ ಸಂದೇಶ ತೆರೆದೂ ನೋಡುವುದಿಲ್ಲ.