ಏರ್‌ಲಾಕ್ ನಿಂತಿತು ಅಂತ ಬಾಟಲಿಗೆ ತುಂಬಬೇಡಿ ಮಾರಾಯ್ರೇ

ಮನೆಯಲ್ಲೇ ಬೆಲ್ಜಿಯನ್ ಮಠದ ಬಿಯರ್ ಮಾಡ್ತಿದ್ದೀನಿ ಅಂತ ಇಲ್ಲಿ ಬರೆದಿದ್ದೀರಲ್ಲ, ಆ ಬಕೆಟ್ಟಿಗೆ ಇನ್ನೂ ಕೈ ಹಾಕಬೇಡಿ. ವೆಸ್ಟ್‌ವ್ಲೇಟರೆನ್ 12 ಅನ್ನೋ ಮಠದ ಬಿಯರಿನ ತರಹ ಮಾಡಬೇಕು ಅಂತ 1.088 ಗ್ರಾವಿಟಿಯ (ನೀರಿಗೆ 1.000, ಸಕ್ಕರೆ ಕರಗಿದಷ್ಟೂ ಏರುತ್ತದೆ) ವರ್ಟ್, ಅಂದರೆ ಮೊಳಕೆ ಬಾರ್ಲಿಯ (ಮಾಲ್ಟ್) ಸಿಹಿ ರಸ ಮಾಡಿ, 27 ಡಿಗ್ರಿಯಲ್ಲೇ ಯೀಸ್ಟ್ ಸುರಿದಿದ್ದೀರಿ. ಎಂಟನೇ ದಿನಕ್ಕೆ ಏರ್‌ಲಾಕ್ (ಮುಚ್ಚಳದಲ್ಲಿ ಗ್ಯಾಸ್ ಗುಳ್ಳೆಯಾಗಿ ಹೊರಬಿಡುವ ಕೊಳವೆ) ನಿಂತಿದೆ, ಶನಿವಾರ ತುಂಬ್ತೀನಿ ಅಂತೀರಿ. ನಾನೂ ಶುರುವಿನಲ್ಲಿ ಹೀಗೇ ಮಾಡಿದವನು. ಕೆಲವು ಬಾಟಲಿ ಸಿಡಿದವು, ಉಳಿದವಕ್ಕೆ ನೇಲ್ ಪಾಲಿಶ್ ರಿಮೂವರ್ ವಾಸನೆ.

"ಸನ್ಯಾಸಿಗಳು ಬಿಸಿಯಲ್ಲೇ ಹುದುಗಿಸುತ್ತಾರೆ" ಅನ್ನೋದು ಅರ್ಧ ಸತ್ಯ. ವೆಸ್ಟ್‌ವ್ಲೇಟರೆನ್ ಮಠದವರು ಯೀಸ್ಟ್ ತರೋದು ವೆಸ್ಟ್‌ಮಾಲೆ ಮಠದಿಂದ. ವೆಸ್ಟ್‌ಮಾಲೆಯಲ್ಲಿ ಸುಮಾರು 18ಕ್ಕೆ ಶುರು ಮಾಡಿ 20ರ ಆಸುಪಾಸಿನಲ್ಲೇ ಹಿಡಿದಿಡುತ್ತಾರೆ. ವೆಸ್ಟ್‌ವ್ಲೇಟರೆನ್‌ನಲ್ಲಿ ಅದೇ ಯೀಸ್ಟ್ 20ಕ್ಕೆ ಶುರುವಾಗಿ 28ರವರೆಗೂ ತಾನಾಗಿ ಏರುತ್ತದೆ. ಗಮನಿಸಿ, ಇಬ್ಬರೂ ಶುರು ಮಾಡೋದು ತಣ್ಣಗೇ. 28 ಅನ್ನೋದು ಕೊನೆ ಮುಟ್ಟುವ ಜಾಗ. ಯೀಸ್ಟ್ ಮರಿ ಹಾಕುವ ಮೊದಲ ಎರಡು ದಿನ ಬಿಸಿ ಜಾಸ್ತಿಯಾದರೆ ಫ್ಯೂಸೆಲ್ ಅನ್ನೋ ಘಾಟು ಆಲ್ಕೋಹಾಲ್ ಹುಟ್ಟುತ್ತದೆ. ಆಮೇಲಿನ ಬಿಸಿ ಬೇರೆ, ಅದು ಉಳಿದ ಸಕ್ಕರೆ ತಿಂದು ಮುಗಿಸೋಕೆ ಸಹಾಯ.

ನಾನು ಈಗ ಮಾಡೋದು ಹೀಗೆ. ವರ್ಟನ್ನು 18ಕ್ಕೆ ಇಳಿಸಿ, ಚೆನ್ನಾಗಿ ಗಾಳಿ ಕೊಟ್ಟು ಪಿಚ್ ಮಾಡ್ತೀನಿ, ಅಂದರೆ ಯೀಸ್ಟ್ ಹಾಕ್ತೀನಿ. ಎರಡು ದಿನ ನೀರಿನ ಟಬ್ಬಿನಲ್ಲಿ ಇಟ್ಟು, ಐಸ್ ಬಾಟಲಿ ಬದಲಾಯಿಸುತ್ತಾ 19 ದಾಟದ ಹಾಗೆ ನೋಡ್ಕೊಳ್ತೀನಿ. ಮೂರನೇ ದಿನದಿಂದ ದಿನಕ್ಕೊಂದು ಡಿಗ್ರಿ ಬಿಡ್ತೀನಿ. 23-24 ತಲುಪಿದ ಮೇಲೆ ಅಲ್ಲೇ ಇರಬೇಕು, ಕೆಳಗೆ ಬೀಳಬಾರದು. ಒಂದು ರಾತ್ರಿ ತಣ್ಣಗಾದರೂ ಈ ಯೀಸ್ಟ್ ಮುನಿಸಿಕೊಂಡು ತಳ ಸೇರುತ್ತದೆ, ಮತ್ತೆ ಎಬ್ಬಿಸೋದು ಕಷ್ಟ. ಇದೆಲ್ಲ ವರ್ಟಿನ ಡಿಗ್ರಿ, ಕೋಣೆಯದ್ದಲ್ಲ. ಜೋರಾಗಿ ಹುದುಗುವಾಗ ಒಳಗೆ 3-4 ಡಿಗ್ರಿ ಜಾಸ್ತಿ ಇರುತ್ತದೆ. ಥರ್ಮಾಮೀಟರನ್ನು ಬಕೆಟ್ಟಿನ ಮೈಗೆ ಅಂಟಿಸಿ, ಮೇಲೆ ಸ್ಪಂಜು ಕಟ್ಟಿ.

ಯೀಸ್ಟ್ ಯಾವುದು ಅಂತ ನೀವು ಬರೆದಿಲ್ಲ. ವೆಸ್ಟ್‌ಮಾಲೆ ಮೂಲದ್ದು ಬೇಕಿದ್ದರೆ ವೈಯೀಸ್ಟ್ 3787 ಅಥವಾ ವೈಟ್ ಲ್ಯಾಬ್ಸ್ 530. 1.088ಕ್ಕೆ ಒಂದು ಪ್ಯಾಕ್ ಸಾಲಲ್ಲ, ಮೊದಲೇ ಸ್ವಲ್ಪ ವರ್ಟಿನಲ್ಲಿ ಯೀಸ್ಟ್ ಬೆಳೆಸಿಕೊಂಡು ದೊಡ್ಡ ಸ್ಟಾರ್ಟರ್ ಮಾಡಲೇಬೇಕು. 3787 ಹಾಲು ಉಕ್ಕಿದ ಹಾಗೆ ಉಕ್ಕುತ್ತದೆ. ಬಕೆಟ್ಟಿನ ಮೂರನೇ ಒಂದು ಭಾಗ ಖಾಲಿ ಬಿಡಿ, ಏರ್‌ಲಾಕ್ ಬದಲು ದಪ್ಪ ಪೈಪ್ ಹಾಕಿ. ಒಣ ಯೀಸ್ಟಿನಲ್ಲಿ ಬಿಇ-256 ಬೇಗ ಮುಗಿಸುತ್ತದೆ, ಗಟ್ಟಿಯಾಗಿ ಕೂರುತ್ತದೆ, ಆದರೆ ಪರಿಮಳ ಸಪ್ಪೆ ಅಂತ ನನ್ನ ಅನಿಸಿಕೆ. ಶಿಮೇ ಬಿಯರ್ ಮೂಲದ ವೈಟ್ ಲ್ಯಾಬ್ಸ್ 500 ನನಗೆ ಇಷ್ಟ, ಆದರೆ ಬಿಸಿ ಜಾಸ್ತಿಯಾದರೆ ಬಾಳೆಹಣ್ಣೇ ಬಾಳೆಹಣ್ಣು. ಆ ಶಿಮೇ ಯೀಸ್ಟನ್ನು 1948ರಲ್ಲಿ ಬೇರ್ಪಡಿಸಿದ್ದು ಶಿಮೇ ಮಾಡುವ ಸ್ಕೂರ್ಮೋಂ ಮಠದ ಫಾದರ್ ತೇಯೊಡೊರ್. ಅವರಿಗೆ ನೆರವಾದ ಜಾಂ ಡಿ ಕ್ಲೆರ್ಕ್ ನಾನೀಗ ಇರುವ ಬೆಲ್ಜಿಯಂನ ಲೂವೆನ್‌ನಲ್ಲೇ ಪ್ರೊಫೆಸರ್ ಆಗಿದ್ದವರು. ಮಠದ ಬಿಯರ್ ಅಂದರೆ ಬರೀ ಪ್ರಾರ್ಥನೆ, ಹಳೇ ಗುಟ್ಟು ಅಂದುಕೊಳ್ಳಬೇಡಿ. ಲ್ಯಾಬ್ ಕೆಲಸ ಜಾಸ್ತಿ ಇದೆ ಅದರಲ್ಲಿ.

ಇನ್ನು ಸಕ್ಕರೆ. "ಬೆಲ್ಜಿಯನ್ ಕ್ಯಾಂಡಿ" ಅಂತ ದುಬಾರಿ ಹರಳು ತಂದಿದ್ದೀರಲ್ಲ, ಅದು ನಮ್ಮ ಕಲ್ಲುಸಕ್ಕರೆ. ಸುಮ್ನೆ ದುಡ್ಡು ದಂಡ. ಬಿಳಿ ಸಕ್ಕರೆ ಹಾಕಿದ್ದರೂ ಅಷ್ಟೇ ಆಗ್ತಿತ್ತು. ಬಣ್ಣ, ಒಣದ್ರಾಕ್ಷಿ ರುಚಿ ಬರೋದು ಕಪ್ಪು ಕ್ಯಾಂಡಿ ಸಿರಪ್ಪಿನಿಂದ. ಅದನ್ನು ಬಿಟ್ಟು ಸ್ಪೆಷಲ್ ಬಿ, ಚಾಕೊಲೇಟ್ ಮಾಲ್ಟ್ ಅಂತ ಆರು ಬಗೆ ಮಾಲ್ಟ್ ತುಂಬಿದ್ದೀರಿ. ಕುಡಿಯುವಾಗ ಭಾರ ಆಗುತ್ತದೆ ನೋಡಿ. ಇಲ್ಲಿನ ಬಲವಾದ ಬಿಯರುಗಳು ಅಷ್ಟು ಆಲ್ಕೋಹಾಲ್ ಇಟ್ಟುಕೊಂಡೂ ಹಗುರಾಗಿ ಇಳಿಯೋದು ಸಕ್ಕರೆಯಿಂದಲೇ. ಒಟ್ಟು ಸಕ್ಕರೆ ಅಂಶದಲ್ಲಿ 10ರಿಂದ 20 ಪರ್ಸೆಂಟ್ ಸಾಕು.

ಬೆಲ್ಲ ಹಾಕಬಹುದಾ ಅಂತ ಕೆಳಗೆ ಒಬ್ಬರು ಕೇಳಿದ್ದಾರೆ. ಹಾಕಬಹುದು, ಆದರೆ ಬೆಲ್ಲದ ಉಪ್ಪಿನ ರುಚಿ ಕೊನೆಗೆ ಎದ್ದು ಬರುತ್ತದೆ. ಸ್ವಲ್ಪ ಹಾಕಿ, ಉಳಿದದ್ದು ಸಿರಪ್. ಮಸಾಲೆ ಮಾತ್ರ ಬೇಡ. ಆ ಲವಂಗ, ಮೆಣಸಿನ ವಾಸನೆ ಯೀಸ್ಟೇ ಕೊಡುತ್ತದೆ. ರೋಷ್‌ಫೋರ್‌ನಲ್ಲಿ ಕೊತ್ತಂಬರಿ ಬೀಜ ಹಾಕುತ್ತಾರೆ ನಿಜ, ಆದರೆ ಕುಡಿದವರಿಗೆ ಗೊತ್ತೇ ಆಗದಷ್ಟು.

ಈಗ ನಿಮ್ಮ ಬಕೆಟ್ಟಿಗೆ ಬರೋಣ. ಏರ್‌ಲಾಕ್ ಏನೂ ಹೇಳಲ್ಲ, ಗ್ರಾವಿಟಿ ಅಳೆಯುವ ಹೈಡ್ರೋಮೀಟರ್ ಹೇಳುತ್ತದೆ. ಬೆಳಕು ಬಾಗೋದರಿಂದ ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರ್ ಬೇಡ, ಆಲ್ಕೋಹಾಲ್ ಇದ್ದಾಗ ಅದು ತಪ್ಪು ತೋರಿಸುತ್ತದೆ. ನೀವು ಹಾಕಿದ ಸಕ್ಕರೆಗೆ ಇದು 1.014ರ ಹತ್ತಿರ ಇಳಿಯಬೇಕು. ಈಗ 1.020ರಲ್ಲಿ ನಿಂತಿದೆ ಅಂದುಕೊಳ್ಳಿ. ಬಾಟಲಿಯೊಳಗೆ 0.002 ಇಳಿದರೆ ಸುಮಾರು ಒಂದು ವಾಲ್ಯೂಮ್ ಗ್ಯಾಸ್, ಅಂದರೆ ಬಿಯರಿನಷ್ಟೇ ಗಾತ್ರದ ಗ್ಯಾಸ್. ಅಂದರೆ ಮೂರು ವಾಲ್ಯೂಮ್ ಹಾಗೇ ಬಂತು, ಅದರ ಮೇಲೆ ನೀವು ಗ್ಯಾಸ್ ಬರಲಿ ಅಂತ ತುಂಬುವಾಗ ಹಾಕುವ ಪ್ರೈಮಿಂಗ್ ಸಕ್ಕರೆ. ತೆಳು ಲಾಗರ್ ಬಾಟಲಿ ಅದನ್ನು ತಡೆಯಲ್ಲ. ಬಕೆಟ್ಟನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿ ಯೀಸ್ಟ್ ಎಬ್ಬಿಸಿ, 23-24ರಲ್ಲಿ ಇನ್ನೆರಡು ವಾರ ಬಿಡಿ. ಮುಚ್ಚಳ ತೆಗೆದು ಕಲಕಬೇಡಿ. ಫ್ಯೂಸೆಲ್ ಪೂರ್ತಿ ಹೋಗಲ್ಲ, ಕೆಲವು ತಿಂಗಳಿಟ್ಟರೆ ಸ್ವಲ್ಪ ಮೆತ್ತಗಾಗಬಹುದು.

ತುಂಬುವಾಗ ಲೀಟರಿಗೆ 7-8 ಗ್ರಾಂ ಸಕ್ಕರೆ, ಜೊತೆಗೆ ಹೊಸ ಯೀಸ್ಟ್ ಒಂದು ಚಿಟಿಕೆ. 9-10 ಪರ್ಸೆಂಟ್ ಆಲ್ಕೋಹಾಲಿನಲ್ಲಿ ಹಳೇ ಯೀಸ್ಟ್ ಸುಸ್ತಾಗಿರುತ್ತದೆ. ವೆಸ್ಟ್‌ಮಾಲೆಯವರೂ ತುಂಬುವಾಗ ಸಕ್ಕರೆ, ಯೀಸ್ಟ್ ಎರಡೂ ಹಾಕಿ ಬೆಚ್ಚಗಿನ ಕೋಣೆಯಲ್ಲಿ ವಾರಗಟ್ಟಲೆ ಇಡುತ್ತಾರೆ. ಬಾಟಲಿಗೆ ಓರ್ವಾಲ್, ವೆಸ್ಟ್‌ಮಾಲೆಯ ಖಾಲಿ ದಪ್ಪ ಬಾಟಲಿಗಳೇ ಒಳ್ಳೆಯದು. ಆದರೆ ಓರ್ವಾಲ್‌ನ ತಳದ ಗಸಿಯನ್ನು ಆಸೆಪಟ್ಟು ಇದಕ್ಕೆ ಸುರಿಯಬೇಡಿ. ಅದರಲ್ಲಿ ಬ್ರೆಟ್ ಅನ್ನೋ ಕಾಡು ಯೀಸ್ಟ್ ಇದೆ. ಉಳಿದ ಸಕ್ಕರೆಯನ್ನೂ ತಿಂಗಳುಗಟ್ಟಲೆ ತಿಂತಾ ಹೋಗುತ್ತದೆ, ನಿಮ್ಮ ಪೈಪು, ನಲ್ಲಿಗೂ ಸೇರಿಕೊಳ್ಳುತ್ತದೆ. ಓರ್ವಾಲ್ ಪ್ರಯೋಗಕ್ಕೆ ಪ್ಲಾಸ್ಟಿಕ್ ಸಾಮಾನೆಲ್ಲ ಬೇರೆಯೇ ಇಡಿ.

ಲೇಬಲ್ಲಿನ ಮೇಲೆ "ಟ್ರಾಪಿಸ್ಟ್" ಅಂತ ಹಾಕ್ತೀನಿ ಅಂದಿದ್ದೀರಿ. ಅದು ಶೈಲಿಯ ಹೆಸರಲ್ಲ ಸ್ವಾಮಿ, ಒಂದು ಕ್ರೈಸ್ತ ಸನ್ಯಾಸಿ ಪಂಥದ ಹೆಸರು. ಮಠದ ಗೋಡೆಯೊಳಗೆ, ಸನ್ಯಾಸಿಗಳ ಕೈಯಲ್ಲಿ ಅಥವಾ ಉಸ್ತುವಾರಿಯಲ್ಲಿ ತಯಾರಾಗಬೇಕು. ಬಂದ ದುಡ್ಡು ಅವರ ಹೊಟ್ಟೆಪಾಡು, ಮಠದ ರಿಪೇರಿ, ದಾನಕ್ಕೆ ಹೋಗಬೇಕು. ಟ್ರಾಪಿಸ್ಟ್ ಬಾಟಲಿ ಮೇಲಿನ ಆರು ಮೂಲೆಯ ಮುದ್ರೆಯ ಹಿಂದೆ 1997ರಲ್ಲಿ ಹುಟ್ಟಿದ ಸಂಘ ಇದೆ. ಆಹೆಲ್ ಮಠದಲ್ಲಿ ಸನ್ಯಾಸಿಗಳೇ ಉಳಿಯಲಿಲ್ಲ ಅಂತ 2021ರಲ್ಲಿ ಅದರ ಬಿಯರೂ ಮುದ್ರೆ ಕಳ್ಕೊಂಡಿತು. ಬೆಲ್ಜಿಯಂನಲ್ಲಿ ಈಗ ಮುದ್ರೆ ಇರೋದು ಐದಕ್ಕೇ: ಶಿಮೇ, ಓರ್ವಾಲ್, ರೋಷ್‌ಫೋರ್, ವೆಸ್ಟ್‌ಮಾಲೆ, ವೆಸ್ಟ್‌ವ್ಲೇಟರೆನ್. ನೀವು ಹೋಲಿಕೆಗೆ ಇಟ್ಟುಕೊಂಡಿರುವ ಲೆಫ್ ದೊಡ್ಡ ಕಂಪನಿಯ ಬಿಯರ್, ನನಗಂತೂ ಬರೀ ಸಿಹಿ. ಅಳತೆಗೋಲು ಬೇಕಿದ್ದರೆ ಸಿಂಟ್ ಬರ್ನಾರ್ಡಸ್ ಆಬ್ಟ್ 12 ತಗೊಳ್ಳಿ. ಅದು ಟ್ರಾಪಿಸ್ಟ್ ಅಲ್ಲ, ಆದರೆ ಅವರು 1946ರಿಂದ 1992ರವರೆಗೆ ವೆಸ್ಟ್‌ವ್ಲೇಟರೆನ್ ಮಠದ ಲೈಸೆನ್ಸ್ ಮೇಲೆ ಬಿಯರ್ ಮಾಡಿದವರು. ಮಠದ 12ಕ್ಕೆ ಬುಕ್ಕಿಂಗ್, ಸರದಿ, ಬ್ಲ್ಯಾಕ್‌ನಲ್ಲಿ ಎರಡು ಮೂರು ಪಟ್ಟು ರೇಟು, ಅಷ್ಟೆಲ್ಲ ಯಾಕೆ? ಅಂದ ಹಾಗೆ ಆ ನಂಬರು ಆಲ್ಕೋಹಾಲ್ ಅಲ್ಲ. ವೆಸ್ಟ್‌ವ್ಲೇಟರೆನ್ 12ರಲ್ಲಿ ಇರೋದು 10.2, ರೋಷ್‌ಫೋರ್ 10ರಲ್ಲಿ 11.3. ಹಳೇ ಬೆಲ್ಜಿಯನ್ ಗ್ರಾವಿಟಿ ಲೆಕ್ಕದಿಂದ ಬಂದದ್ದು ಅದು. ಯಾವುದೇ ಆಗಲಿ ಫ್ರೀಜರಿನಲ್ಲಿ ಇಡಬೇಡಿ. ನೆಟ್ಟಗೆ ನಿಲ್ಲಿಸಿ, 12 ಡಿಗ್ರಿಯ ಹತ್ತಿರ ಕುಡಿಯಿರಿ.

ಊರಿನಲ್ಲಿ ಕೂತು ಓದುತ್ತಿರುವವರು ಅಬಕಾರಿ ಕಾನೂನು ನೋಡಿಕೊಂಡೇ ಕೈ ಹಾಕಿ, ಅಲ್ಲಿನ ಲೆಕ್ಕ ಬೇರೆ.

ಇವತ್ತೊಂದು, ಮೂರು ದಿನ ಬಿಟ್ಟು ಇನ್ನೊಂದು ರೀಡಿಂಗ್ ತೆಗೆದು ಇಲ್ಲೇ ಹಾಕಿ. 1.016ಕ್ಕಿಂತ ಮೇಲಿದ್ದರೆ ಶನಿವಾರ ತುಂಬೋ ಮಾತೇ ಬೇಡ.